ಬಳ್ಳಿ ಇಳಿಸುವ ಕಾಲ

ಮಾಣಿಕನಗರದಲ್ಲಿ ಆಟೋಕ್ಕೆ ಕಾದು ನಿಂತಿದ್ದೆ. ಪಕ್ಕದ ಪಾನ್ ಅಂಗಡಿಯವನು ವೀಳ್ಯದೆಲೆಯ ಕಟ್ಟಿನ ಮೇಲೆ ನೀರು ಚಿಮುಕಿಸಿ ಒದ್ದೆ ಗೋಣಿ ಹೊದಿಸಿದ. ಹಸಿಯಾದ, ತುಸು ಖಾರದ ವಾಸನೆ ಎದ್ದಿತು. ಆಟೋ ಬಂದು ಹೋಯಿತು, ನಾನು ಹತ್ತಲಿಲ್ಲ. ಹೊತ್ತು ತಪ್ಪಿಸುವುದು ನನ್ನ ಅಭ್ಯಾಸವಲ್ಲ.

ನಮ್ಮೂರು ಹುಡಗಿಯಲ್ಲಿ ಮನೆಯ ಹಿಂದಿನ ಎಲೆತೋಟದಲ್ಲಿ ನಡುಮಧ್ಯಾಹ್ನವೂ ಇದೇ ವಾಸನೆ ಇರುತ್ತಿತ್ತು. ಹೊರಗೆ ಹೊಲವೆಲ್ಲ ಉರಿಯುತ್ತಿದ್ದರೂ ಬೇಲಿ ದಾಟಿದರೆ ಅಡವಿಯ ತಂಪು. ಮೇಲೆ ಚೊಗಚೆ, ನುಗ್ಗೆ ಮರಗಳು, ನಡುವೆ ಬಾಳೆ, ಬುಡದಲ್ಲಿ ಅರಿಸಿನ. ಎಲೆಬಳ್ಳಿ ಚೊಗಚೆಯನ್ನೇ ಹಿಡಿದು ಏರುತ್ತಿತ್ತು, ಅದರ ನೆರಳಲ್ಲೇ ಬದುಕುತ್ತಿತ್ತು. ತೋಟ ಆಯಿಯದು, ಅಂದರೆ ಅಪ್ಪನ ತಾಯಿಯದು. ಚಪ್ಪಲಿ ಬೇಲಿಯ ಹೊರಗೆ ಬಿಟ್ಟು, ಕಾಲು ತೊಳೆದೇ ಒಳಗೆ ಬರಬೇಕಿತ್ತು. ವರ್ಷಕ್ಕೊಮ್ಮೆ ಆಕೆ ಬಳ್ಳಿ ಇಳಿಸುತ್ತಿದ್ದಳು. ಎಲೆ ಉದುರಿ ಬರಿದಾದ ಹಳೆಯ ದಂಟನ್ನು ಮರದಿಂದ ಬಿಡಿಸಿ, ಸುರುಳಿ ಸುತ್ತಿ ಬುಡದ ಮಣ್ಣಿನಲ್ಲಿ ಮಲಗಿಸಿ, ಗೊಬ್ಬರ ಮುಚ್ಚಿ, ತುದಿಯನ್ನಷ್ಟೇ ಮತ್ತೆ ಮರಕ್ಕೆ ಕಟ್ಟುತ್ತಿದ್ದಳು. ಇಳಿಸದಿದ್ದರೆ ಎಲೆಗಳು ವರ್ಷವರ್ಷ ಸಣ್ಣವಾಗುತ್ತವೆ, ಕೈಗೂ ಸಿಗುವುದಿಲ್ಲ.

ಆಡು ಕಾಯುತ್ತಿದ್ದ ಆಕೆಯ ಕಿರಿಮಗ, ನನ್ನ ಕಾಕಾ, ಬೇಲಿಯಾಚೆಯಿಂದ ಕೆಣಕುತ್ತಿದ್ದ. “ಯವ್ವಾ, ಬಳ್ಳಿಗಿ ಹಾಸಗಿ ಹಾಸಿ ಮಲಗಸಾಕತ್ತಿ. ನಿನ್ನ ಮಗಾ ಬರೇ ನೆಲದ ಮ್ಯಾಲ ಬಿದ್ದಾನ.”

“ನೀ ಎಲಿ ಬಿಡ್ತಿಯೇನೊ? ಬಿಟ್ರ ನಿನಗೂ ಹಾಸ್ತೀನಿ.”

ಒಂದು ಬೇಸಿಗೆ ಆಡುಗಳಿಗೆ ಮೇವು ಸಿಗಲಿಲ್ಲ. ಮರಿಗಳು ಹಸಿವಿಗೆ ಒದರುತ್ತಿದ್ದವು. ಚೊಗಚೆಯ ಟೊಂಗೆ ಕಡಿಯಲೇ ಎಂದು ಕಾಕಾ ಕೇಳಿದ. ಆಯಿ ಮರಗಳ ಸುತ್ತ ಒಮ್ಮೆ ನಡೆದು ಬಂದು ಒಪ್ಪಿದಳು. “ಮೂಡಲ ಕಡೀದು ತಗೋ. ಪಡುವಲದ್ದು ಮುಟ್ಟಬ್ಯಾಡ, ಸಂಜಿ ಬಿಸಿಲು ಬಳ್ಳಿ ಸುಡತೈತಿ.” ಆದರೆ ಆಡುಗಳು ನಿಂತಿದ್ದು ಪಡುವಲ ಬೇಲಿಗೆ. ಅವುಗಳ ಬಾಯಿಗೆ ನೇರ ಬೀಳುವ ಟೊಂಗೆಗಳನ್ನೇ ಅವನು ಕಡಿದ. ಮರಿಗಳು ಬದುಕಿದವು. ಬಳ್ಳಿ ಕಪ್ಪಾಗತೊಡಗಿತು.

ಆಯಿ ಬೈಯಲಿಲ್ಲ. “ಆಡು ನಿಂತಲ್ಲೇ ನಿನ್ನ ಕೈ ಹೋತು, ಅಲ್ಲೇನೊ?” ಎಂದಳಷ್ಟೇ. ತನ್ನ ಸೀರೆಗಳನ್ನೆಲ್ಲ ತೋಯಿಸಿ ತಂದು ಆಕೆ ಪಡುವಲ ದಿಕ್ಕಿಗೆ ಪರದೆಯಂತೆ ಕಟ್ಟಿದಳು. ಮಳೆ ಬರುವವರೆಗೆ ಅವುಗಳಿಗೆ ನೀರು ಚಿಮುಕಿಸುವುದು ಕಾಕಾನ ಕೆಲಸವಾಯಿತು. ಸೀರೆಗಳ ಬಣ್ಣ ಹೋಯಿತು. ಒಂದೇ ಬಳ್ಳಿ ಉಳಿಯಿತು. ಆಯಿ ತೀರಿಕೊಂಡ ವರ್ಷ ಅದನ್ನು ಇಳಿಸಿದವನು ಕಾಕಾನೇ. ಬಣ್ಣ ಹೋದ ಸೀರೆಯ ಅಂಚು ಹರಿದು ತುದಿ ಕಟ್ಟಿದ.

ಈಗ ಕಾಕಾ ಇಲ್ಲ, ತೋಟವೂ ಇಲ್ಲ. ಆ ಬಳ್ಳಿಯ ಒಂದು ತುಂಡು ಹುಮನಾಬಾದಿನ ನನ್ನ ಅಂಗಳದ ನುಗ್ಗೆಮರಕ್ಕೆ ಹಬ್ಬಿದೆ. ಪ್ರತಿ ವರ್ಷ ತಪ್ಪದೆ ಇಳಿಸಿದ್ದೇನೆ. ಈ ಸಲ ಏಣಿ ಇಟ್ಟು ಹತ್ತಿದೆ. ಅರ್ಧದಲ್ಲೇ ಮೊಣಕಾಲು ಹಿಡಿದುಕೊಂಡಿತು. ಇಳಿದು ಏಣಿಯನ್ನು ಅದರ ಜಾಗದಲ್ಲಿಟ್ಟು, ಕೈ ತೊಳೆದು, ಕಟ್ಟೆಯ ಮೇಲೆ ಕೂತೆ. ಬಳ್ಳಿ ಮೇಲೇರುತ್ತಲೇ ಇದೆ. ತುದಿಯ ಎಲೆಗಳು ಸಣ್ಣದಾದದ್ದು ಕಟ್ಟೆಯಿಂದಲೇ ಕಾಣುತ್ತದೆ.