ಮೊದಲು ಯಾರ ಬಾಗಿಲು

ಅಂಗಡಿಯಣ್ಣ ಮೌಸ್ ಹಿಡಿದರೆ ಪರದೆಯ ಮೇಲಿನ ಬಾಣವೂ ನಡುಗುತ್ತಿತ್ತು. ಬಲಗೈಗೆ ಅದೇನೋ ನರದ ತೊಂದರೆ. ಹಾಗಾಗಿ ಸೊರಬದ ಬಸ್‌ಸ್ಟ್ಯಾಂಡ್ ಹಿಂದಿದ್ದ ಅವರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಡಿಸ್ಕ್ ಅಳಿಸುವ, ಭಾಗ ಮಾಡುವ ಕೆಲಸ ಬಂದರೆ ಗಿರಾಕಿಯೇ ಪರದೆಯಲ್ಲಿ ಇರುವುದನ್ನು ಜೋರಾಗಿ ಓದಿ ಎಂಟರ್ ಒತ್ತಬೇಕು. "ಹೊಲ ನಿಮ್ದು. ಹದ್ದುಗಲ್ಲು ನೀವೇ ನೆಡಿ," ಎನ್ನುತ್ತಿದ್ದರು. ಎಲ್ಲರಿಗೂ ಅವರು ಅಂಗಡಿಯಣ್ಣ.

ನಾನು ಮೀಸೆ ನರೆತ ಮೇಲೆ ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿದವನು. ಪ್ರಾಕ್ಟಿಕಲ್ ಪರೀಕ್ಷೆ ವಿಂಡೋಸ್‌ನಲ್ಲಲ್ಲ, ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯಲ್ಲಿ. ಮನೆಯಲ್ಲಿದ್ದದ್ದು ಒಂದೇ ಲ್ಯಾಪ್‌ಟಾಪ್, ಅದೂ ಹೆಂಡತಿಯದು. ಬ್ಲೌಸಿಗೆ ಕಸೂತಿ ಹಾಕುವ ಮಷಿನ್‌ನ ಸಾಫ್ಟ್‌ವೇರ್ ಅದರ ವಿಂಡೋಸ್‌ನಲ್ಲಿತ್ತು. ಹಾಕಿಕೊಟ್ಟವನು ಊರು ಬಿಟ್ಟಿದ್ದ. ಅದು ಅಳಿಸಿಹೋದರೆ ಮತ್ತೆ ಹಾಕುವವರಿಲ್ಲ. ನಮ್ಮ ಶಿಕಾರಿಪುರದಲ್ಲಿ ಕೇಳಿದಲ್ಲೆಲ್ಲ ಪೂರ್ತಿ ಅಳಿಸಿಯೇ ಲಿನಕ್ಸ್ ಹಾಕುತ್ತೇವೆ ಎಂದರು. ಮೇಲಾಗಿ ಮದುವೆ ಸೀಸನ್. ಹೆಂಡತಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡೇ ಸೊರಬದವರೆಗೆ ಬಂದಳು.

"ಎರಡೂ ಇರಬೇಕ್ರಿ ಅಣ್ಣಾ," ಎಂದಳು. "ಇವ್ರ ಪರೀಕ್ಷೆ ಹೋದ್ರೆ ಮುಂದಿನ ವರ್ಷ ಬರತೈತಿ. ನನ್ನ ಗಿರಾಕಿ ಬರಂಗಿಲ್ಲ."

"ನೀ ಎಂತಕ್ಕೆ ಹೆದರ್ತಿ ತಂಗಿ? ಹೆದರೋಕೆ ನಿನ್ ಗಂಡ ಇದಾರಲ್ಲ. ಒತ್ತೋದು ಅವ್ರೇ."

ಮೊದಲು ಡಿಸೈನ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ನಕಲು ಮಾಡಿಸಿದರು. ವಿಂಡೋಸ್‌ನ ಜಾಗ ಕುಗ್ಗಿಸಿ ಪಕ್ಕದಲ್ಲಿ ಖಾಲಿ ಬಿಡಿಸಿದರು. ಆಮೇಲೆ ಲಿನಕ್ಸ್ ಹಾಕುವ ಪರದೆ ಬಂತು. "ಡಿಸ್ಕ್ ಪೂರ್ತಿ ಅಳಿಸಿ," ಎಂದು ಜೋರಾಗಿ ಓದಿ ಎಂಟರ್ ಮೇಲೆ ಬೆರಳಿಟ್ಟೆ. ನಡುಗುವ ಕೈಯೊಂದು ನನ್ನ ಮಣಿಕಟ್ಟು ಹಿಡಿಯಿತು.

"ಓದಿದ್ರಿ ಮಾರಾಯ್ರೆ. ಕೇಳಿಸ್ಕೊಂಡ್ರಾ?"

ಕೆಳಗಿನ ಸಾಲಿಗೆ ಇಳಿದೆ. ಖಾಲಿ ಜಾಗವನ್ನೇ ಆರಿಸಿ, ಮತ್ತೆ ಓದಿ, ಒತ್ತಿದೆ.

ಕೆಲಸ ಮುಗಿದು ಮತ್ತೆ ಆನ್ ಆದಾಗ ನೇರ ಲಿನಕ್ಸೇ ತೆರೆಯಿತು. ವಿಂಡೋಸ್ ಹೆಸರೇ ಇಲ್ಲ. ಹೆಂಡತಿ ನನ್ನ ಕಡೆ ನೋಡಲಿಲ್ಲ. ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾ "ಹೋತಲ್ಲ," ಎಂದಳು.

ಅಂಗಡಿಯಣ್ಣ ಪರದೆಯ ಹತ್ತಿರ ಬಗ್ಗಿದರು. ಅವರ ಹಣೆಯಲ್ಲೂ ಬೆವರಿತ್ತು. ಡಿಸ್ಕ್‌ನ ಭಾಗಗಳನ್ನು ತೆರೆಸಿ ಒಂದೊಂದರ ಅಳತೆ ನೋಡಿದರು; ವಿಂಡೋಸ್‌ನ ಭಾಗ ಹಾಗೇ ಇತ್ತು.

"ಮನೆ ಇದೆ ತಂಗಿ. ಬಾಗಿಲು ಕಾಣ್ತಿಲ್ಲ ಅಷ್ಟೆ."

ಬಾಗಿಲು ತೋರಿಸುವ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಹೇಳಿದರು. ನಾನು ಕೀಲಿಗಳನ್ನು ಹುಡುಕಿ ಹುಡುಕಿ ಒತ್ತಿದೆ. ನನ್ನ ನಿಧಾನಕ್ಕೆ ಒಮ್ಮೆಯೂ ಬೇಸರಪಡಲಿಲ್ಲ. ಮತ್ತೆ ಆನ್ ಮಾಡಿದೆವು. ಕಪ್ಪು ಪರದೆಯ ಮೇಲೆ ಎರಡೂ ಹೆಸರು ಬಂದವು. ಹೆಂಡತಿ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಮೊದಲು ಯಾರ ಬಾಗಿಲು?" ಎಂದರು ಅಂಗಡಿಯಣ್ಣ. ನಾನು ಬಾಯಿ ಬಿಡುವ ಮುಂಚೆ ಅವರೇ ಹೇಳಿದರು: "ಯಾರೂ ಏನೂ ಒತ್ತದಿದ್ರೆ ತಂಗೀದೇ ತೆರೀಲಿ. ನಿಮ್ದು ಬೇಕಾದ್ರೆ ನೀವು ಒತ್ಕೊಳ್ಳಿ." ವಿಂಡೋಸ್‌ನ ಸಾಲನ್ನು ಮೇಲಕ್ಕೆ ಹಾಕಿಸಿದರು.

ಪಾಸಾದ ಸುದ್ದಿ ಹೇಳಲು ಹೋದಾಗ ಶಟರ್ ಎಳೆದಿತ್ತು. ಅಂಗಡಿಯಣ್ಣ ತೀರಿಕೊಂಡು ತಿಂಗಳಾಯಿತು ಎಂದು ಪಕ್ಕದ ಹೂವಿನವಳು ಹೇಳಿದಳು.

ಈಗ ಆ ಸಾಲುಗಳನ್ನು ಮೇಲೆ ಕೆಳಗೆ ಮಾಡುವುದು ನನಗೂ ಗೊತ್ತು. ಮಾಡಿಲ್ಲ. ದಿನಾ ಬಾಣದ ಕೀಲಿ ಒತ್ತಿ ನನ್ನ ಸಾಲಿಗೆ ಇಳಿಯುತ್ತೇನೆ. ಮರೆತ ದಿನ ವಿಂಡೋಸ್ ಬಂದು ಪರದೆ ತುಂಬ ಬ್ಲೌಸಿನ ಕಸೂತಿಯ ನವಿಲು ತೆರೆದುಕೊಳ್ಳುತ್ತದೆ. "ಅಂಗಡಿಯಣ್ಣ ಹೇಳಿದ್ರಲ್ರಿ," ಎನ್ನುತ್ತಾ ಹೆಂಡತಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತಾಳೆ.