ಹಂಚಿನ ಬಲಗಡೆ

ರೋಗ ಹರಡುತ್ತದೆಂದು ಯಾರೂ ಮನೆ ಬಿಟ್ಟು ಹೊರಡುವಂತಿಲ್ಲ ಎಂದು ಆದದ್ದರ ಹಿಂದಿನ ದಿನ ನಾವಿಬ್ಬರೂ ಗಿರಣಿಗೆ ಹೋಗಿದ್ದೆವು. ಹೈದರಾಬಾದಿನ ತಾರ್ನಾಕದಲ್ಲಿ ನಮ್ಮ ಓಣಿಯ ಹಿಂದೆಯೇ ಆ ಗಿರಣಿ. ಅಕ್ಕಿ ಬೀಸಿದ ಬೆನ್ನಿಗೇ ಜೋಳ ಹಾಕಿದರೆ ರೊಟ್ಟಿ ಬಡಿಯುವಾಗ ಹರಿಯುತ್ತದೆ. ಅದಕ್ಕೆ ಬೇರೆ ಯಾರದಾದರೂ ಜೋಳ ಬೀಸಿ ಮುಗಿಯಲಿ ಎಂದು ಬೆಂಚಿನ ಮೇಲೆ ಕಾಯುತ್ತ ಕೂತೆವು. ನನ್ನ ಗಂಡ ಜೀಡಿಮೆಟ್ಲಾದಲ್ಲಿ, ಔಷಧಿ ತುಂಬುವ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅವತ್ತು ಬೇಗ ಮನೆಗೆ ಬಂದಿದ್ದರು.

"ಇಷ್ಟ್ ಹಿಟ್ಟು ಯಾರಿಗೆ? ಮನ್ಯಾಗ ಮದವಿ ಐತೇನು?" ಎಂದರು.

"ಹಿಟ್ಟು ಇದ್ರ ಧೈರ್ಯ ಇರತೈತ್ರಿ. ಸುಮ್ನ ಕೂಡ್ರಿ" ಎಂದೆ.

ಮನೆಗೆ ಬರುವಾಗ ಅವರ ಮೀಸೆಯ ಮೇಲೆ ಹಿಟ್ಟು ಕೂತಿತ್ತು. ಹೇಳಿದರೂ ಒರೆಸಿಕೊಳ್ಳಲಿಲ್ಲ. ದಾರಿಯಲ್ಲಿ ಒಂದೇ ಚಹಾ ಕೊಂಡು ಎರಡು ಲೋಟಕ್ಕೆ ಹಾಕಿಸಿದರು. ಅಷ್ಟೇ ನಡೆದದ್ದು. ಆ ಸಂಜೆಯ ಬಗ್ಗೆ ಹೇಳುವಂಥದ್ದು ಇನ್ನೇನೂ ಇಲ್ಲ.

ಮನೆಯಲ್ಲಿ ನಾವು ಮೂರು ಜನ: ಅವರು, ನಾನು, ಎಂಬತ್ತು ದಾಟಿದ ಅವರ ತಾಯಿ. ನಾವು ಮುದ್ದೇಬಿಹಾಳದ ಕಡೆಯವರು. ಹೈದರಾಬಾದಿಗೆ ಬಂದು ಮೂವತ್ತು ವರ್ಷವಾದರೂ ರೊಟ್ಟಿ ಬಿಟ್ಟವರಲ್ಲ. ನನ್ನ ಗಂಡನಿಗೆ ಸಿಟ್ಟು ಬಂದರೆ ಕೂಗಾಡುತ್ತಿರಲಿಲ್ಲ. ತಾಟಿನಲ್ಲಿದ್ದ ರೊಟ್ಟಿ ಮುಟ್ಟದೆ, ಬರೀ ಅನ್ನ ಮೊಸರು ಉಂಡು ಎದ್ದುಬಿಡುತ್ತಿದ್ದರು. ರೊಟ್ಟಿ ಹಾಗೇ ಉಳಿಯಿತೆಂದರೆ ಆ ದಿನ ನಾನು ಏನೋ ತಪ್ಪು ಮಾಡಿದ್ದೇನೆಂದು ಅರ್ಥ. ಮತ್ತೆ ಯಾವಾಗ ರೊಟ್ಟಿಗೆ ಕೈ ಹಾಕುತ್ತಾರೋ ಆವಾಗ ಸಿಟ್ಟು ಇಳಿದಂತೆ. ಇದು ಅತ್ತೆಗೂ ಗೊತ್ತಿತ್ತು.

ಕಾರ್ಖಾನೆ ಕೆಲವು ವಾರ ಮುಚ್ಚಿತು. ಅವರು ಮೊದಲ ದಿನ ಪತ್ರಿಕೆ ಓದಿದರು, ಎರಡನೆಯ ದಿನ ಫ್ಯಾನು ಒರೆಸಿದರು, ಮೂರನೆಯ ದಿನ ಮಾಳಿಗೆ ಹತ್ತಿದರು. ಹಿಂದಿನ ಓಣಿಯಲ್ಲಿ ಅರ್ಧ ಕಟ್ಟಿ ನಿಂತ ಒಂದು ಕಟ್ಟಡವಿತ್ತು. ಅದನ್ನು ಕಟ್ಟುತ್ತಿದ್ದ ಕೂಲಿಯವರು ಊರಿಗೆ ಹೋಗಲಾರದೆ ಅಲ್ಲಿಯೇ ಉಳಿದಿದ್ದರು. ಅವರು ಮಾತಾಡುವುದು ಕಿವಿಗೆ ಬಿದ್ದು ಇವರು ಕೆಳಗೆ ಓಡಿಬಂದರು.

"ಏ, ನಮ್ಮ ಮಂದಿ ಅದಾರ ಅಲ್ಲಿ. ಸುರಪುರ ಕಡೆಯವರು."

ಸಂಜೆ ನಾನೂ ಮಾಳಿಗೆ ಹತ್ತಿದೆ. ಆ ಕಡೆಯಿಂದ ಒಬ್ಬ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡೇ ಕೂಗಿ ಹೇಳಿದಳು: "ಯಕ್ಕಾ, ಅಕ್ಕಿ ಕೊಟ್ಟಾರ, ಇಲ್ಲನ್ನಂಗಿಲ್ಲ. ಖರೇ ಅನ್ನಾ ಉಂಡು ಉಂಡು ಹೊಟ್ಟಿ ತುಂಬಿದಂಗ ಆಗವಲ್ದು ನೋಡ್ರಿ."

ಗಿರಣಿಯ ಹಿಟ್ಟು ಡಬ್ಬಿಯ ತುಂಬ ಇತ್ತು. ಆದರೆ ಅಷ್ಟು ಜನಕ್ಕೆ ಒಬ್ಬಳೇ ಬಡಿದು ಬೇಯಿಸುವುದು ಆಗದ ಮಾತು. ರೊಟ್ಟಿ ಕೆಲಸ ಇಬ್ಬರದು. ಒಬ್ಬರು ಬಡಿಯಬೇಕು, ಇನ್ನೊಬ್ಬರು ಹಂಚಿನ ಹತ್ತಿರ ನಿಂತು, ಮೇಲಿನ ಹಿಟ್ಟು ಹೋಗುವಂತೆ ಒದ್ದೆ ಬಟ್ಟೆ ಸವರಿ ತಿರುವಬೇಕು. ಅತ್ತೆಗೆ ನಿಲ್ಲಲು ಆಗುತ್ತಿರಲಿಲ್ಲ. ನನ್ನ ಗಂಡನೇ ಬಂದು ಹಂಚಿನ ಬಲಗಡೆ ನಿಂತರು. ನಮ್ಮ ಮನೆತನದಲ್ಲಿ ಗಂಡಸರು ಆ ಜಾಗದಲ್ಲಿ ನಿಂತದ್ದನ್ನು ನಾನು ನೋಡಿರಲಿಲ್ಲ.

ಮೊದಲನೆಯ ರೊಟ್ಟಿಗೆ ಎಷ್ಟು ನೀರು ಸವರಿದರೆಂದರೆ ಅದು ಹಂಚಿಗೇ ಅಂಟಿತು. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು.

"ರೊಟ್ಟಿ ಮುಖಾ ತೊಳಿಯಾಕತ್ತೀಯೋ, ಜಳಕಾ ಮಾಡಸಾಕತ್ತೀಯೋ?"

"ನೀ ಕಲಿಸಿದ್ದಿಲ್ಲಲ್ಲ ಯವ್ವಾ."

"ನೀ ಯಾವಾಗ ಒಲಿ ಮುಂದ ಬಂದಿದ್ದಿ, ಕಲಿಸಾಕ?"

ನಾಲ್ಕು ದಿನಕ್ಕೆ ಕೈ ಕುದುರಿತು. ನಾನು ಬಡಿದು ಹಾಕುವಷ್ಟರಲ್ಲಿ ಅವರು ಹಿಂದಿನದನ್ನು ತೆಗೆದು ಒಲೆಯ ಪಕ್ಕ ನಿಲ್ಲಿಸಿರುತ್ತಿದ್ದರು. ಹಾಗೆ ನಿಂತು ಒಣಗಿ ಖಡಕ್ ಆದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ, ಶೇಂಗಾ ಚಟ್ನಿಯ ಜೊತೆ ಹಿಂದಿನ ಕಾಂಪೌಂಡ್ ಗೋಡೆಯ ಮೇಲೆ ಇಟ್ಟು ದೂರ ಸರಿಯುತ್ತಿದ್ದೆ. ಆ ಹೆಂಗಸು ಬಂದು ಒಯ್ಯುತ್ತಿದ್ದಳು. ನಾನು ಗೋಡೆಯಾಚೆ ಕಾಲಿಡಲಿಲ್ಲ. ಹಾಗೆ ಮಾಡಬಾರದು ಎಂದು ಸರಕಾರದವರು ಹೇಳಿದ್ದರು, ಮಾಡಲಿಲ್ಲ.

ಕೆಳಗಿನ ಮನೆಯಲ್ಲಿ ನಿವೃತ್ತ ಟೀಚರಮ್ಮ ಒಬ್ಬರೇ ಇದ್ದರು, ತೆಲುಗಿನವರು. ಅವರ ಬಾಗಿಲ ಮುಂದೆಯೂ ನಾಲ್ಕು ರೊಟ್ಟಿ ಇಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಫೋನು ಬಂತು. "ಎಂತ ನೂನೆ ಪೋಸಿನಾ ಈ ಅಪ್ಪಡಂ ಉಬ್ಬಟ್ಲೇದಮ್ಮಾ." ಹಪ್ಪಳವೆಂದುಕೊಂಡು ಎಣ್ಣೆಯಲ್ಲಿ ಕರಿಯುತ್ತಿದ್ದರು, ಎಷ್ಟು ಎಣ್ಣೆ ಹಾಕಿದರೂ ಉಬ್ಬುತ್ತಿಲ್ಲವಂತೆ. ನನ್ನ ಗಂಡ ಹಂಚಿನ ಮುಂದೆಯೇ ಕೂತುಬಿಟ್ಟು ನಕ್ಕರು. ಟೀಚರಮ್ಮ ಮರುದಿನದಿಂದ ಕೂಲಿಯವರಿಗೆಂದು ಮಾವಿನಕಾಯಿ ಉಪ್ಪಿನಕಾಯಿ ಕಳಿಸತೊಡಗಿದರು. ಕೂಲಿಯವರು ಊರಿಗೆ ಹೋಗುವವರೆಗೂ ನಮ್ಮ ರೊಟ್ಟಿ, ಟೀಚರಮ್ಮನ ಉಪ್ಪಿನಕಾಯಿ ಒಂದೇ ಗಂಟಿನಲ್ಲಿ ಹೋದವು.

ನನ್ನ ಗಂಡನಿಗೆ ಜ್ವರ ಬಂದದ್ದು ಮರುವರ್ಷದ ಬೇಸಿಗೆಯಲ್ಲಿ. ಆಗ ಕಾರ್ಖಾನೆ ನಡೆಯುತ್ತಿತ್ತು, ಔಷಧಿಗೆ ಪೆಟ್ಟಿಗೆ ಬೇಕಲ್ಲ. ಕೆಲಸದಿಂದ ಬಂದವರೇ ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತು, "ನನ್ನ ಹಾಸಿಗಿ ಮುಂದಿನ ಖೋಲ್ಯಾಗ ಒಗಿ. ನೀ ಒಳಗ ಬರಬ್ಯಾಡ. ಅವ್ವ ಅದಾಳ" ಎಂದರು. ಆ ಕೋಣೆಗೆ ಬಚ್ಚಲು ಇತ್ತು. ಬಾಗಿಲು ಹಾಕಿಕೊಂಡರು. ಅತ್ತೆ ಮರೆತು ಒಳಗೆ ಹೋಗದಿರಲೆಂದು ಈ ಕಡೆಯ ಚಿಲಕ ನಾನು ಹಾಕಿದೆ.

ಅತ್ತೆಯನ್ನು ಉಳಿಸಿಕೊಳ್ಳುವುದು ಎಂದು ನಾವಿಬ್ಬರೂ ಆ ಬಾಗಿಲಿನ ಎರಡು ಕಡೆ ನಿಂತು ಮಾತಾಡಿಕೊಂಡೆವು. ಊಟದ ತಾಟು ಹೊಸ್ತಿಲಲ್ಲಿಟ್ಟು, ಚಿಲಕ ತೆಗೆದು ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಅವರು ತೆಗೆದುಕೊಂಡು, ಉಂಡ ಮೇಲೆ ತಾಟಿಗೆ ಎರಡು ಸಲ ಬಡಿಯುತ್ತಿದ್ದರು. ಮೊದಮೊದಲು ಮೆತ್ತನೆಯ ಬಿಸಿ ರೊಟ್ಟಿ ಹಾಲಿನಲ್ಲಿ ಕಲಸಿ ಕೊಟ್ಟೆ. ಆಮೇಲೆ ಗಂಜಿ.

ಆರನೆಯ ದಿನ ಮಧ್ಯಾಹ್ನ ಬಾಗಿಲ ಹತ್ತಿರ ಬಂದು ಕೂತರು. ಉಸಿರಿನ ಸಪ್ಪಳ ನನಗೆ ಕೇಳುತ್ತಿತ್ತು.

"ಒಂದೀಟು ಬಾಗಲಾ ತೆಗಿ. ಮುಖಾ ನೋಡತೀನಿ."

ನಾನು ಈ ಕಡೆ ಚಿಲಕದ ಮೇಲೆ ಕೈ ಇಟ್ಟೆ. ಹಿಂದೆ ಪಡಸಾಲೆಯಲ್ಲಿ ಅತ್ತೆ ಕೆಮ್ಮಿದರು, ಅದು ಅವರ ಎಂದಿನ ಕೆಮ್ಮು.

"ಇನ್ನ ಎಂಟು ದಿನಾ ಅಷ್ಟರಿ. ಹದಿನಾಕು ದಿನಾ ಅಂದಾರ" ಎಂದೆ.

"ಹೌದ ಹೌದ. ಬ್ಯಾಡ ಬಿಡು. ಸುಮ್ನ ಅಂದೆ" ಎಂದು ಎದ್ದು ಹೋದರು. ಆ ರಾತ್ರಿಯ ತಾಟಿಗೆ ಬಡಿದ ಸಪ್ಪಳ ಬರಲಿಲ್ಲ. ಗಂಜಿ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಉಸಿರಾಟ ಕಷ್ಟವಾಯಿತು. ಟೀಚರಮ್ಮ ಫೋನು ಮಾಡಿ ಮಾಡಿ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಹುಡುಕಿದರು. ಗಾಡಿ ಬರುವಷ್ಟರಲ್ಲಿ ನಾನು ಒಂದು ಚೀಲಕ್ಕೆ ಲುಂಗಿ, ಟವೆಲ್, ಫೋನಿನ ಚಾರ್ಜರ್ ತುಂಬಿದೆ. ಆಮೇಲೆ ಸ್ಟೀಲಿನ ಡಬ್ಬಿಯಲ್ಲಿ ನಾಲ್ಕು ಖಡಕ್ ರೊಟ್ಟಿ ಇಟ್ಟೆ. ಊರು ಬಿಟ್ಟು ಹೊರಟವರಿಗೆ ಕಟ್ಟಿಕೊಡುವುದು ಅದನ್ನೇ, ನನ್ನ ತಾಯಿಯೂ ಅದನ್ನೇ ಕಟ್ಟುತ್ತಿದ್ದಳು. ಗಂಜಿ ನುಂಗಲಾರದವರಿಗೆ ಖಡಕ್ ರೊಟ್ಟಿ ಕಟ್ಟಿದ್ದೇನೆಂದು ನನಗೆ ಹೊಳೆದದ್ದು ಗಾಡಿ ಓಣಿ ದಾಟಿದ ಮೇಲೆ. ಬಾಲ್ಕನಿಯಿಂದ ನನಗೆ ಕಂಡದ್ದು ಅವರ ತಲೆಯ ಹಿಂಭಾಗ ಮಾತ್ರ.

ನಾಲ್ಕನೆಯ ದಿನ ಆಸ್ಪತ್ರೆಯಿಂದ ಫೋನು ಬಂತು, ಅವರು ಹೋದರೆಂದು. ಅವರನ್ನು ಮನೆಗೆ ತರಲಿಲ್ಲ. ಎಲ್ಲ ಅಲ್ಲಿಯವರೇ ಮಾಡಿದರು. ಅತ್ತೆಗೆ ಏನೂ ಆಗಲಿಲ್ಲ, ನನಗೂ ಆಗಲಿಲ್ಲ. ನೀವು ನಿಯಮ ಪಾಲಿಸಿದ್ದಕ್ಕೆ ಉಳಿದಿರಿ ಎಂದು ಫೋನಿನಲ್ಲಿ ಹಲವರು ಹೇಳಿದರು. ಅದು ನಿಜವೇ. ನಾನು ಮಾತ್ರ ಆ ರಾತ್ರಿಯ ಗಂಜಿಯನ್ನು ನೆನೆಯುತ್ತಿದ್ದೆ. ನುಂಗಲು ಆಗದೆ ಬಿಟ್ಟರೋ, ಬಾಗಿಲು ತೆಗೆಯಲಿಲ್ಲವೆಂದು ಬಿಟ್ಟರೋ. ಕೇಳುವುದು ಯಾರನ್ನು?

ಎರಡು ವಾರದ ಮೇಲೆ ಆಸ್ಪತ್ರೆಯಿಂದ ಚೀಲ ವಾಪಸ್ ಬಂತು. ಗೇಟಿನ ಹತ್ತಿರ ಇಟ್ಟು ಹೋಗಿದ್ದರು. ಮೂರು ದಿನ ಬಿಸಿಲಲ್ಲಿಟ್ಟು, ಅತ್ತೆಯ ಮುಂದೆ ತೆರೆದೆ. ಡಬ್ಬಿಯಲ್ಲಿ ಮೂರು ರೊಟ್ಟಿ ಇಟ್ಟ ಹಾಗೇ ಇದ್ದವು. ನಾಲ್ಕನೆಯದರ ಅಂಚು ಮುರಿದಿತ್ತು, ಮೂರು ಬೆರಳಗಲದಷ್ಟು. ಚೀಲವನ್ನು ಪತ್ರಿಕೆಯ ಮೇಲೆ ಕೊಡವಿದೆ, ಟವೆಲ್ ಬಿಡಿಸಿ ನೋಡಿದೆ, ಡಬ್ಬಿಯನ್ನು ಬೋರಲು ಹಾಕಿದೆ. ಮುರಿದ ತುಂಡು ಎಲ್ಲಿಯೂ ಇರಲಿಲ್ಲ.

ಅತ್ತೆ ಆ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಮುರಿದ ಕಡೆ ಹೆಬ್ಬೆರಳು ಆಡಿಸಿದರು.

"ತಿಂದಾನ" ಎಂದರು.

"ಹಲ್ಲಿಗೆ ಆಗಿರಂಗಿಲ್ರಿ. ಗಂಟಲಿಗೆ..."

"ಬಾಯಾಗರೆ ಇಟಗೊಂಡಾನ. ಸಿಟ್ಟಿದ್ರ ನಿನ್ನ ರೊಟ್ಟಿ ಮುಟ್ಟತಿದ್ದಿಲ್ಲ ಅಂವ. ನನಗ ಗೊತ್ತಿಲ್ಲೇನು?"

ಆ ರೊಟ್ಟಿಗಳನ್ನು ಮಾಳಿಗೆಯ ಮೇಲೆ ಪುಡಿ ಮಾಡಿ ಹಾಕಿದೆ. ಪಾರಿವಾಳಗಳು ತಿಂದವು.

ಹಿಂದಿನ ಓಣಿಯ ಕಟ್ಟಡ ಈಗ ಪೂರ್ತಿಯಾಗಿದೆ, ಅಲ್ಲಿ ಸಂಸಾರಗಳಿವೆ. ಟೀಚರಮ್ಮ ಈಗ ಖಡಕ್ ರೊಟ್ಟಿಯನ್ನು ಮೊಸರಲ್ಲಿ ನೆನೆಸಿ ತಿನ್ನುತ್ತಾರೆ. ವಾರಕ್ಕೆ ಎರಡು ದಿನ ನಾನು ರೊಟ್ಟಿ ಬಡಿಯುತ್ತೇನೆ. ಅತ್ತೆ ಹೊಸ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿರುತ್ತಾರೆ, ಹೆಚ್ಚು ಮಾತಾಡುವುದಿಲ್ಲ. ನಾನು ಮುಂದಿನದನ್ನು ಬಡಿದು ಮುಗಿಸುವಷ್ಟರಲ್ಲಿ ಹಂಚಿನ ಮೇಲಿನದು ಒಂದು ಕಡೆ ಕಪ್ಪಗಾಗಿರುತ್ತದೆ. ಒದ್ದೆ ಬಟ್ಟೆಯ ಬಟ್ಟಲು ಹಂಚಿನ ಬಲಗಡೆಯೇ ಇದೆ. ಅಲ್ಲಿ ನಿಂತು ರೊಟ್ಟಿ ತಿರುವುವವರು ಇಲ್ಲ.