ಅಳತೆಗೆ ಸಿಗದ ಬಿಲ್ಲು

ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದ ಆ ಬಡಗಿಯನ್ನು ಬೀದಿಯವರೆಲ್ಲ ಅಳತೆಪ್ಪ ಅಂತಲೇ ಕರೆಯುತ್ತಿದ್ದರು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಟೇಪು ಹಿಡಿಯುವ ಮನುಷ್ಯ. ನೆಂಟರ ಮನೆಗೆ ಹೋದರೆ ಅವರ ಕ್ಷೇಮ ಕೇಳುವ ಮೊದಲು ಚೌಕಟ್ಟಿನ ಕಡೆ ಒಂದು ಕಣ್ಣು ಮುಚ್ಚಿ ನೋಡಿ, "ಮೇಲ್ಗಡೆ ಎರಡು ನೂಲು ವಾರೆ ಇದೆ" ಅನ್ನುತ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ತನ್ನ ಉಳಿ, ಉಜ್ಜುಗೊರಡು, ಗರಗಸ, ಮೂಲೆಮಟ್ಟ ಎಲ್ಲವನ್ನೂ ಮನೆಗೆ ತಂದು ಹಿಂದಿನ ಕೋಣೆಯಲ್ಲಿ ಜೋಡಿಸಿಕೊಂಡ. ಅದೇ ಕೋಣೆಯ ಕಿಟಕಿ ಪಕ್ಕ ಹೆಂಡತಿಯ ಹೊಲಿಗೆ ಮಿಷನ್ ಇತ್ತು. ಇಪ್ಪತ್ತು ವರ್ಷದಿಂದ ಆ ಕೋಣೆ ಅವಳದ್ದೇ. ಗಂಡ ಬಂದು ಅರ್ಧ ಕೋಣೆ ಆಕ್ರಮಿಸಿದಾಗ ಅವಳ ಕತ್ತರಿಯ ಸದ್ದು ಸ್ವಲ್ಪ ಜೋರಾಯಿತು.

ಅವಳ ತಂಗಿ ಊರಾಚೆಯ ಮೈದಾನದಲ್ಲಿ ಬಿಲ್ಲುಗಾರಿಕೆ ಕಲಿಸುತ್ತಿದ್ದಳು. ಒಂದು ದಿನ ಬಂದವಳೇ ಕೇಳಿದಳು.

"ಭಾವ, ನನ್ನ ಹತ್ರ ಕಲಿಯೋಕೆ ಬರೋ ಕೆಲವರಿಗೆ ಮರದ ಬಿಲ್ಲೇ ಬೇಕಂತೆ. ಅಂಗಡೀಲಿ ಸಿಗೋದು ಅವರ ಕೈಗೆ ಒಗ್ಗಲ್ಲ. ಎಳೆಯೋಕೆ ಮೂವತ್ತು ಪೌಂಡು ಬಲ ಬೇಕಾಗೋ ಹಾಗಿದ್ರೆ ಸಾಕು. ನೀವು ಮಾಡಿಕೊಡ್ತೀರಾ?"

"ಕದ ಕೂರಿಸಿದವನಿಗೆ ಒಂದು ಕೋಲು ಬಗ್ಗಿಸೋದು ಯಾವ ಮಹಾ ಕೆಲಸ? ಭಾನುವಾರ ಬಾ, ತಗೊಂಡು ಹೋಗು."

ಅವಳು ಭಾನುವಾರ ಬಂದಳು. ಅವನ ಗದ್ದದ ಮೇಲೆ ಪಟ್ಟಿ ಅಂಟಿಸಿತ್ತು.

ಸಾಮಿಲ್ಲಿನಿಂದ ನೂಲು ಹಿಡಿದ ಹಾಗೆ ನೇರವಾಗಿದ್ದ ಹಲಗೆ ತಂದು, ಗೀಟು ಹಾಕಿ, ಗರಗಸದಲ್ಲಿ ಕತ್ತರಿಸಿ, ಉಜ್ಜುಗೊರಡಿನಿಂದ ಗಾಜಿನ ಹಾಗೆ ನುಣುಪು ಮಾಡಿದ್ದ. ನೋಡೋಕೆ ಎಷ್ಟು ಚೆಂದ ಇತ್ತು ಅಂದರೆ ಹೆಂಡತಿ ಕೂಡ ಮಿಷನ್ ನಿಲ್ಲಿಸಿ ನೋಡಿದ್ದಳು. ಹೆದೆ ಏರಿಸಿ ಒಂದು ಗೇಣು ಎಳೆದಿದ್ದನೋ ಇಲ್ಲವೋ, ಚಟಾರನೆ ಮುರಿದು ಮೇಲಿನ ತುಂಡು ಗದ್ದಕ್ಕೆ ಬಡಿಯಿತು. ಎರಡನೆಯದೂ ಹಾಗೇ ಆಯಿತು. ಮೂರನೆಯದನ್ನು ಸಿಟ್ಟಿಗೆ ದಪ್ಪ ಮಾಡಿದ. ಅದು ಮುರಿಯಲಿಲ್ಲ, ಬಗ್ಗಲೂ ಇಲ್ಲ.

"ಭಾವ, ಇದು ಬಿಲ್ಲಲ್ಲ, ಬಾಗಿಲ ಅಗುಳಿ," ಅಂದು ನಾದಿನಿ ನಕ್ಕಳು. ಅವನಿಗೆ ನಗು ಬರಲಿಲ್ಲ.

ತಪ್ಪು ಸಲಕರಣೆಯದ್ದು ಅಂತ ಅವನಿಗೆ ಖಾತ್ರಿಯಾಗಿತ್ತು. ಹಾರ್ಡ್‌ವೇರ್ ಅಂಗಡಿಗೆ ಹೋದ. ಅಂಗಡಿಯವನಿಗೆ ಜನ್ಮದಲ್ಲಿ ಬಿಲ್ಲು ಮುಟ್ಟಿ ಗೊತ್ತಿಲ್ಲ, ಆದರೂ, "ಈ ಕರೆಂಟಿನ ಉಜ್ಜೋ ಮಿಷನ್ ತಗೊಳ್ಳಿ, ಬೆಣ್ಣೆ ಹಾಗೆ ಓಡುತ್ತೆ" ಅಂದ. ನಿಜವಾಗಿಯೂ ಬೆಣ್ಣೆಯ ಹಾಗೆಯೇ ಓಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕನೇ ಬಿಲ್ಲಿನ ಒಂದು ಜಾಗ ಪಕ್ಕದ ಜಾಗಕ್ಕಿಂತ ತೆಳ್ಳಗಾಗಿಬಿಟ್ಟಿತು. ಎಳೆದಾಗ ಬಿಲ್ಲೆಲ್ಲ ಸುಮ್ಮನಿದ್ದು ಅಲ್ಲೊಂದೇ ಕಡೆ ಮೊಣಕಾಲಿನ ಹಾಗೆ ಮಡಚಿತು. ಆಮೇಲೆ ಮುರಿಯಿತು.

ಜೊತೆಗೆ ಕೋಣೆ ತುಂಬ ಧೂಳು. ಮರುದಿನ ಕೊಡಬೇಕಾಗಿದ್ದ ಹನ್ನೆರಡು ಬಿಳಿ ಅಂಗಿಗಳು ಹಳದಿಯಾಗಿದ್ದವು. ಹೆಂಡತಿಯ ಸಹನೆಯ ಕಟ್ಟೆ ಅಲ್ಲಿಗೆ ಒಡೆಯಿತು.

"ರೀ, ನಾನು ಬಟ್ಟೆ ಕತ್ತರಿಸೋ ಮುಂಚೆ ಎಳೆ ಯಾವ ಕಡೆ ಓಡ್ತಿದೆ ಅಂತ ನೋಡ್ತೀನಿ. ಎಳೆಗೆ ಅಡ್ಡ ಕತ್ತರಿಸಿದ್ರೆ ಅಂಗಿ ಒಂದೇ ಒಗೆತಕ್ಕೆ ಸೊಟ್ಟಗಾಗುತ್ತೆ. ನಿಮ್ಮ ಮರದಲ್ಲೂ ಎಳೆ ಇರುತ್ತಲ್ಲ? ಅದನ್ನ ಬಿಟ್ಟು ಆ ಹಾಳು ಗೀಟು ನೋಡ್ಕೊಂಡು ಕತ್ತರಿಸ್ತೀರಲ್ಲ!"

"ಮೂವತ್ತೊಂದು ವರ್ಷ ಮರ ಕೊಯ್ದವನಿಗೆ ಬಟ್ಟೆ ಪಾಠ ಹೇಳ್ಬೇಡ," ಅಂದ. ಎರಡು ದಿನ ಮಾತು ಬಿಟ್ಟ.

ಮೂರನೇ ದಿನ ಅವಳು ಒಗೆದು ಒಣಗಿಸಿದ ಅಂಗಿಗಳನ್ನು ತಡವಾಗಿ ಕೊಡಲು ಹೋದಾಗ ಮುರಿದ ತುಂಡುಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದ. ಹಲಗೆ ಹೊರಗೆ ನೇರ ಇತ್ತು, ಒಳಗಿನ ಎಳೆ ಓರೆಯಾಗಿ ಓಡಿತ್ತು. ಅವನ ಗೀಟು ಎಲ್ಲಿ ಎಳೆಯನ್ನು ಕಡಿದಿತ್ತೋ ಸರಿಯಾಗಿ ಅಲ್ಲೇ ಸಿಬಿರೆದ್ದಿತ್ತು. ಬಾಗಿಲಿಗೆ ಇದರಿಂದ ಏನೂ ಆಗದು, ಬಾಗಿಲು ಬಗ್ಗುವುದಿಲ್ಲವಲ್ಲ. ಅವಳ ಮಾತು ಸರಿ ಅನ್ನುವುದು ಮುರಿದ ಬಿಲ್ಲಿಗಿಂತ ಹೆಚ್ಚು ಉರಿಸಿತು.

ಸೌದೆ ಡಿಪೋಗೆ ಹೋಗಿ ನೆರಳಲ್ಲಿ ಎರಡು ವರ್ಷ ಒಣಗಿದ ದಿಮ್ಮಿ ಆರಿಸಿ ತಂದ. ಗರಗಸ ಮುಟ್ಟಲಿಲ್ಲ. ಬೆಣೆ ಇಟ್ಟು ಕೊಡತಿಯಿಂದ ಹೊಡೆದು, ಮರ ತಾನಾಗಿ ಎಲ್ಲಿ ಸೀಳುತ್ತದೋ ಅಲ್ಲಿ ಸೀಳಲು ಬಿಟ್ಟ. ಸಿಕ್ಕಿದ್ದು ಹಾವಿನಂಥ ಕೋಲು. ಅದನ್ನು ನೋಡಿದರೆ ಅವನಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತಿತ್ತು. ಅದರ ಬೆನ್ನಿನ ಮೇಲೆ, ಅಂದರೆ ಗುರಿಯ ಕಡೆಗಿರುವ ಮೈಮೇಲೆ, ಮರ ವರ್ಷಕ್ಕೊಂದರಂತೆ ಬೆಳೆಯುವ ಸುತ್ತುಗಳಲ್ಲಿ ಒಂದೇ ಸುತ್ತು ತುದಿಯಿಂದ ತುದಿಗೆ ಕಡಿಯದೆ ಉಳಿಯಬೇಕು. ಉಜ್ಜುಗೊರಡು ಅದಕ್ಕೆ ಬರದು, ಅದು ಉಬ್ಬನ್ನೆಲ್ಲ ತರಿದು ಸಪಾಟು ಮಾಡುತ್ತದೆ. ಎರಡು ಕೈಯಲ್ಲಿ ಹಿಡಿದು ತನ್ನ ಕಡೆ ಎಳೆದುಕೊಳ್ಳುವ ಕತ್ತಿ ಬೇಕು. ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಕೊನೆಗೆ ಪಕ್ಕದೂರಿನ ಒಬ್ಬ ಕಮ್ಮಾರ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಡಿದು, ಎರಡು ತುದಿಗೂ ಹಿಡಿ ಕೂರಿಸಿ ಕೊಟ್ಟ. ಮನೆಗೆ ತಂದು ಎಳೆದರೆ ಕತ್ತಿ ಮೂಗು ಕೆಳಗೆ ಹಾಕಿ ಮರದೊಳಗೆ ಇಳಿಯಿತು. ಒಂದು ಸುತ್ತಲ್ಲ, ಮೂರು ಸುತ್ತು ಸೀಳಿಕೊಂಡು ಹೋಯಿತು. ಐದನೇ ಬಿಲ್ಲು ಬಿಲ್ಲಾಗುವ ಮೊದಲೇ ಮುಗಿಯಿತು. ಬಸ್ಸು ಹತ್ತಿ ಮತ್ತೆ ಕಮ್ಮಾರನ ಹತ್ತಿರ ಹೋದ.

"ಏನಯ್ಯಾ, ಕತ್ತಿ ಕೇಳಿದ್ರೆ ಅಗೆಯೋ ಗುದ್ದಲಿ ಕೊಟ್ಟಿದ್ದೀಯಲ್ಲ!"

ಕಮ್ಮಾರ ಅವನ ಹಿಡಿತ ನೋಡಿ, "ಅಣ್ಣಾ, ತಿರುಗಿಸಿ ಹಿಡಿ. ಮಸೆದ ಓರೆ ಮೈ ಕೆಳಗೆ ಬರಲಿ," ಅಂದ. ತಿರುಗಿಸಿ ಎಳೆದರೆ ಕತ್ತಿ ಮರದ ಮೇಲೆ ಜಾರುತ್ತ ತೆಳ್ಳನೆ ಸಿಪ್ಪೆ ಎಬ್ಬಿಸಿತು.

"ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿನಗೆ?"

"ನೀನು ಕೇಳ್ಲಿಲ್ಲ. ಉದ್ದ ಎಷ್ಟು, ಅಗಲ ಎಷ್ಟು ಅಂತ ಮಾತ್ರ ಹೇಳಿ ಹೋದೆ."

ಆರನೇ ಕೋಲಿನ ಹಿಂದೆ ಹನ್ನೊಂದು ದಿನ ಬಿದ್ದ. ಸುತ್ತು ಎಲ್ಲಿ ಉಬ್ಬುತ್ತದೋ ಕತ್ತಿಯೂ ಅಲ್ಲಿ ಏಳಬೇಕು, ಗಂಟು ಬಂದರೆ ಬಳಸಿ ಹೋಗಬೇಕು. ಟೇಪು ತೆಗೆದರೆ ಏನು ಅಳೆಯಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಹತ್ತನೇ ದಿನ ಗಂಟಿನ ಪಕ್ಕ ಒಂದು ಸಣ್ಣ ಸಿಬಿರು ಎದ್ದಾಗ ಕತ್ತಿಯನ್ನು ಗೋಡೆಗೆ ಬೀಸಿ ಒಗೆದ. ಅದು ಬಟ್ಟೆಯ ಬುಟ್ಟಿಯೊಳಗೆ ಬಿತ್ತು. ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಅವನ ಮೇಜಿನ ಮೇಲಿಟ್ಟು ಹೊಲಿಯಲು ಕೂತಳು. ಅವನು ಒಗೆದದ್ದನ್ನೇ ಮತ್ತೆ ಹಿಡಿದು ಕೂತ.

ಆಮೇಲೆ ಬಗ್ಗಿಸುವ ಕೆಲಸ. ಬಿಲ್ಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಹೆದೆಗೆ ಹಗ್ಗ ಕಟ್ಟಿ, ಕೆಳಗಿನ ರಾಟೆಯಿಂದ ಹಾಯಿಸಿ, ಎದುರು ಗೋಡೆಯ ಹತ್ತಿರ ನಿಂತು ಮೆಲ್ಲಗೆ ಎಳೆಯುತ್ತಿದ್ದ. ಬಿಲ್ಲಿನ ಎರಡು ತೋಳೂ ಒಂದೇ ಸಮ ಬಗ್ಗಬೇಕು. ಗಟ್ಟಿಯಿದ್ದ ಕಡೆ ಒರಟು ಅರ ಹಾಕಿ ಉಜ್ಜುವುದು, ಮತ್ತೆ ಎಳೆದು ನೋಡುವುದು. ಕೊನೆಕೊನೆಗೆ ಅರವೂ ಜಾಸ್ತಿ ತಿನ್ನುತ್ತಿದೆ ಅನ್ನಿಸಿ, ಮುರಿದ ಗರಗಸದ ಅಲಗಿನ ತುಂಡಿನಿಂದ ಕೆರೆಯತೊಡಗಿದ. ಒಂದು ಕೆರೆತಕ್ಕೆ ಈರುಳ್ಳಿ ಸಿಪ್ಪೆಯಷ್ಟು ಬರುತ್ತಿತ್ತು. ಅಷ್ಟೆಲ್ಲ ಸಾಮಾನು ಕೊಂಡು ಕೊನೆಗೆ ಕೈಗೆ ಬಂದದ್ದು ಈ ಗುಜರಿ ತುಂಡು.

"ಎಡಗಡೆ ಮಧ್ಯದಲ್ಲಿ ಇನ್ನೂ ಬಿಗಿ ಇದೆ," ಅಂದಳು ಹೆಂಡತಿ, ಮಿಷನ್ನಿನಿಂದ ತಲೆ ಎತ್ತಿ.

"ಇಲ್ಲ."

"ಇದೆ ರೀ. ಹೆಗಲಿಗೆ ಸರಿ ಕೂರದ ಅಂಗಿ ತೋಳಿನ ಹಾಗೆ ಕಾಣ್ತಿದೆ."

ಅವನು ಗೋಡೆಯ ಮೇಲೆ ಗೀಟು ಹಾಕಿ, ಟೇಪು ಹಿಡಿದು ಅಳೆದ. ಇತ್ತು. ಹಲ್ಲು ಕಚ್ಚಿಕೊಂಡು ಕೆರೆದ.

ಬಿಲ್ಲು ಮುರಿಯಲಿಲ್ಲ. ನಾದಿನಿಯ ಮೈದಾನದಲ್ಲಿ ತೂಗಿ ನೋಡಿದರೆ ಮೂವತ್ತರ ಬದಲು ಇಪ್ಪತ್ತನಾಲ್ಕೇ ಪೌಂಡು ಬಲ. ಕೆರೆದೂ ಕೆರೆದೂ ಆರು ಪೌಂಡು ನೆಲದ ಪಾಲಾಗಿತ್ತು. ಅವನು ಅದನ್ನು ಕಿತ್ತುಕೊಂಡು ಹೊರಡುವುದರಲ್ಲಿದ್ದ. ಅಷ್ಟರಲ್ಲಿ ಅಂಚೆ ಕಚೇರಿಯಿಂದ ನಿವೃತ್ತಳಾದ, ಹೆಗಲು ನೋವಿನ ಒಬ್ಬಾಕೆ ಬಿಲ್ಲು ಕೈಗೆ ತಗೊಂಡು ಎಳೆದಳು. ಕಿವಿಯವರೆಗೆ ಪೂರ್ತಿ ಎಳೆದಳು. ಬಾಣ ಗುರಿಯ ಹಲಗೆಯ ಅಂಚಿಗೆ ಹೋಗಿ ನಾಟಿತು.

"ನಾಲ್ಕು ತಿಂಗಳಲ್ಲಿ ಇವತ್ತೇ ನೋವಿಲ್ಲದೆ ಎಳೆದಿದ್ದು," ಅಂದಳು ಆಕೆ. "ಇದನ್ನ ವಾಪಸ್ ಕೊಡಲ್ಲ, ಹೇಳಿಬಿಟ್ಟಿದ್ದೀನಿ."

"ವಾರೆ ಇದೆಯಮ್ಮಾ ಅದು," ಅಂದ ಅವನು.

"ಇರಲಿ ಬಿಡಿ."

ಬರುವ ದಾರಿಯಲ್ಲಿ ನಾದಿನಿ, "ಭಾವ, ಇಂಥದ್ದೇ ಇನ್ನೂ ಐದು ಬೇಕು," ಅಂದಾಗ ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಇಂಥದ್ದೇ ಅಂದ್ರೆ ಎಲ್ಲಿಂದ ತರಲಿ? ಅದೇ ಮರ ಇನ್ನೊಂದು ಸಲ ಹುಟ್ಟುತ್ತಾ? ಒಂದೇ ಅಳತೇಲಿ ನಲವತ್ತು ಬಾಗಿಲು ಮಾಡು ಅನ್ನು, ಮಾಡ್ತೀನಿ!"

ಆದರೂ ಸೋಮವಾರ ಸೌದೆ ಡಿಪೋದಲ್ಲಿದ್ದ. ಒಂದೊಂದೇ ದಿಮ್ಮಿ ಉರುಳಿಸಿ, ತೊಗಟೆಯ ಮೇಲೆ ಎಳೆ ಯಾವ ಕಡೆ ತಿರುಚಿದೆ ಅಂತ ಬೆರಳಾಡಿಸಿ, ಗೊಣಗುತ್ತ ಪಕ್ಕಕ್ಕೆ ತಳ್ಳುತ್ತಿದ್ದ. ಇಪ್ಪತ್ತು ದಿಮ್ಮಿ ಆದ ಮೇಲೆ ಡಿಪೋದವನು, "ಉರಿಯೋ ಸೌದೇಲಿ ಏನು ಹುಡುಕ್ತೀರಿ ಸ್ವಾಮಿ?" ಅಂತ ಕೇಳಿದ.

"ತಲೆನೋವು," ಅಂದು ಅಳತೆಪ್ಪ ಇಪ್ಪತ್ತೊಂದನೆಯದಕ್ಕೆ ಕೈ ಹಾಕಿದ.